ಹಾಲು ಕೊಡುವ ರಾಸುಗಳಿಗೆ ವಿಶ್ರಾಂತಿ ಮತ್ತು ವ್ಯಾಯಾಮ



ಪಶು ಆಹಾರ, ಹಸಿರು ಮೇವು, ಖನಿಜ ಮಿಶ್ರಣ, ಲಸಿಕೆ ಇವುಗಳ ಬಗ್ಗೆ ನಮ್ಮ ಸದಸ್ಯರಿಗೆ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಹೆಚ್ಚು ಹಣ ಖರ್ಚಿಲ್ಲದ ಎರಡು ವಿಷಯಗಳನ್ನು ನಾವು ಮರೆಯುವುದುಂಟು. ಒಂದು, ರಾಸು ನೆಮ್ಮದಿಯಾಗಿ ಮಲಗುವುದು. ಇನ್ನೊಂದು, ಅದು ದಿನಕ್ಕೆ ಸ್ವಲ್ಪ ಹೊತ್ತು ಅಡ್ಡಾಡುವುದು. ಇವೆರಡೂ ಸರಿಯಾಗಿದ್ದರೆ ತಿಂದ ಮೇವು ಮೈಗೆ ಹತ್ತಿ ಹಾಲಾಗುತ್ತದೆ. ಕಾಯಿಲೆ ಬಿದ್ದಾಗ ಯಾವುದು ಎಷ್ಟು ಬೇಕೆಂದು ತಿಳಿದಿದ್ದರೆ ಎಷ್ಟೋ ಸಲ ರಾಸಿನ ಪ್ರಾಣವೇ ಉಳಿಯುತ್ತದೆ.

ಮಲಗಿದ ಹಸು ಸೋಮಾರಿಯಲ್ಲ

"ತಿನ್ನೋದು, ಮಲಗೋದು, ಇಷ್ಟೇ ಇದರ ಕೆಲಸ ಡಾಕ್ಟ್ರೇ" ಎಂದು ಕೆಲವರು ತಮಾಷೆಯಾಗಿ ಹೇಳುತ್ತಾರೆ. ನಿಜವಾಗಿ ಅದೇ ಅದರ ಕೆಲಸ. ಆರೋಗ್ಯವಾಗಿರುವ ಹಾಲಿನ ಹಸು ದಿನದ 24 ಗಂಟೆಗಳಲ್ಲಿ 10 ರಿಂದ 14 ಗಂಟೆ ಮಲಗುತ್ತದೆ. ಒಂದೇ ಸಲಕ್ಕಲ್ಲ, ಹಲವು ಸಲ ಮಲಗಿ ಏಳುತ್ತದೆ. ದಿನಕ್ಕೆ 7-8 ಗಂಟೆ ಮೆಲುಕು ಹಾಕುತ್ತದೆ. ಮೆಲುಕಿನ ಹೆಚ್ಚಿನ ಭಾಗ ನಡೆಯುವುದು ಮಲಗಿರುವಾಗಲೇ. ಮೆಲುಕು ಹಾಕುವಾಗ ಬರುವ ಜೊಲ್ಲು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಮೆಲುಕು ಕಡಿಮೆಯಾದರೆ ಅಜೀರ್ಣವಾಗುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ. ಫ್ಯಾಟ್ ಇಳಿದರೆ ಬಟವಾಡೆಯ ಹಣವೂ ಇಳಿಯುತ್ತದೆ.

ಇನ್ನೊಂದು ವಿಷಯ. ಒಂದು ಲೀಟರ್ ಹಾಲು ತಯಾರಾಗಲು ಕೆಚ್ಚಲಿನ ಮೂಲಕ ಸುಮಾರು 400 ರಿಂದ 500 ಲೀಟರ್ ರಕ್ತ ಹರಿದು ಹೋಗಬೇಕು. ಹಸು ನಿಂತಿರುವಾಗಿನದಕ್ಕಿಂತ ಮಲಗಿದಾಗ ಕೆಚ್ಚಲಿಗೆ ಹೆಚ್ಚು ರಕ್ತ ಹರಿಯುತ್ತದೆ. ಆದ್ದರಿಂದ ಮಲಗಿದ ಹಸುವನ್ನು ಕಾರಣವಿಲ್ಲದೆ ಎಬ್ಬಿಸಬೇಡಿ.

ನಿಮ್ಮ ಮೊಣಕಾಲಿನಿಂದಲೇ ಪರೀಕ್ಷೆ ಮಾಡಿ

ಹಸುವಿಗೆ ಮಲಗಲು ಆಸೆಯಿದ್ದರೂ ನೆಲ ಬಿಡಬೇಕಲ್ಲ! ಕೊಟ್ಟಿಗೆಯಲ್ಲಿ ಹಸು ಮಲಗುವ ಜಾಗದಲ್ಲಿ ನೀವೇ ಮೊಣಕಾಲೂರಿ ಒಂದು ನಿಮಿಷ ಕುಳಿತು ನೋಡಿ. ಮೊಣಕಾಲು ನೋವಾದರೆ ನೆಲ ಗಟ್ಟಿಯಾಯಿತು. ಬಟ್ಟೆ ಒದ್ದೆಯಾದರೆ ನೆಲ ಹಸಿಯಾಯಿತು. ಅಂಥ ಕಡೆ 400 ಕೆ.ಜಿ. ತೂಕದ ಹಸು ದಿನಕ್ಕೆ ಹತ್ತಾರು ಸಲ ಮೊಣಕಾಲೂರಿ ಮಲಗಬೇಕು. ಮೊಣಕಾಲು ಊದಿಕೊಂಡಿದ್ದರೆ, ಹಿಂಗಾಲಿನ ಕೀಲಿನ ಬಳಿ ಕೂದಲು ಉದುರಿ ಗಾಯವಾಗಿದ್ದರೆ, ಹಸು ಮಲಗಲು ಹಿಂದೆಮುಂದೆ ನೋಡುತ್ತಿದ್ದರೆ ತಪ್ಪು ನೆಲದ್ದೆಂದು ತಿಳಿಯಿರಿ.

ಸಿಮೆಂಟ್ ಅಥವಾ ಕಲ್ಲು ಚಪ್ಪಡಿಯ ನೆಲವಿದ್ದವರು ರಬ್ಬರ್ ಮ್ಯಾಟ್ ಹಾಕಬಹುದು. ಇಲ್ಲವಾದರೆ ಹಸು ತಿಂದು ಬಿಟ್ಟ ರಾಗಿ ಹುಲ್ಲು, ಬತ್ತದ ಹುಲ್ಲು, ಒಣಗಿದ ಕಬ್ಬಿನ ತರಗು ಸಾಕು. ಯಾವುದೇ ಹಾಸಿದ್ದರೂ ಸಗಣಿ, ಗಂಜಲ ನಿಲ್ಲದಂತೆ ದಿನವೂ ಒಣಗಿಸಿ ಇಡಿ. ಕಟ್ಟುವ ಹಗ್ಗವೂ ಗಿಡ್ಡವಾಗಿರಬಾರದು. ಹಸು ಏಳುವಾಗ ತಲೆಯನ್ನು ಮುಂದಕ್ಕೆ ಚಾಚಿ ಮೊದಲು ಹಿಂಭಾಗವನ್ನು ಎತ್ತುತ್ತದೆ. ತಲೆ ಚಾಚಲು ಜಾಗವಿಲ್ಲದಿದ್ದರೆ ಏಳುವ ಕಷ್ಟಕ್ಕೆ ಹೆದರಿ ಮಲಗುವುದನ್ನೇ ಕಡಿಮೆ ಮಾಡುತ್ತದೆ.

ಹಸು ತಕ್ಷಣ ಮಲಗಬಾರದ ಸಮಯ ಒಂದಿದೆ. ಹಾಲು ಕರೆದ ಮೇಲೆ ಕನಿಷ್ಠ ಅರ್ಧ ಗಂಟೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಮಲಗಿದರೆ ಸಗಣಿಯ ಸೂಕ್ಷ್ಮಾಣುಗಳು ಒಳಹೊಕ್ಕು ಕೆಚ್ಚಲು ಬಾವು ಬರುತ್ತದೆ. ಹಾಲು ಕರೆದ ಕೂಡಲೇ ಗೋದಲಿಗೆ ಮೇವು ಹಾಕಿ. ಹಸು ತಾನಾಗಿಯೇ ನಿಂತು ತಿನ್ನುತ್ತದೆ.

ಕೆಚ್ಚಲಿಗೂ ವರ್ಷಕ್ಕೊಮ್ಮೆ ವಿಶ್ರಾಂತಿ ಬೇಕು. ಗಬ್ಬದ ಏಳು ತಿಂಗಳು ತುಂಬಿದಾಗ ಹಾಲು ಬತ್ತಿಸಿ, ಕರು ಹಾಕುವವರೆಗೆ ಎರಡು ತಿಂಗಳು ಬಿಡುವು ಕೊಡಿ. ಈ ಎರಡು ತಿಂಗಳ ಹಾಲಿನ ಆಸೆಗೆ ಬಿದ್ದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ.

ಅಡ್ಡಾಡದ ಹಸುವಿಗೆ ತೊಂದರೆ ಹಲವು

ಹಿಂದೆ ದನಗಳು ಗೋಮಾಳಕ್ಕೆ ಹೋಗಿ ಮೇಯ್ದು ಬರುತ್ತಿದ್ದವು. ಇಂದು ಎಷ್ಟೋ ಮಿಶ್ರತಳಿ ಹಸುಗಳು ವರ್ಷವಿಡೀ ಒಂದೇ ಗೂಟದಲ್ಲಿ ನಿಂತಿರುತ್ತವೆ. ಇದರಿಂದ ಗೊರಸು ಸವೆಯದೆ ಉದ್ದ ಬೆಳೆದು ಕಾಲು ಕುಂಟಾಗುತ್ತದೆ, ಕೀಲು ಬಿಗಿಯುತ್ತದೆ. ಮುಖ್ಯವಾಗಿ, ಕಟ್ಟಿದ ಹಸುವಿನ ಬೆದೆ ಗೊತ್ತಾಗುವುದಿಲ್ಲ. ಬಿಟ್ಟಾಗ ಒಂದರ ಮೇಲೊಂದು ಹತ್ತುವುದನ್ನು ನೋಡಿ ಬೆದೆ ಗುರುತಿಸುವುದು ಸುಲಭ. ಒಂದು ಬೆದೆ ತಪ್ಪಿದರೆ 21 ದಿನದ ಮೇವು ಖರ್ಚು ನಿಮ್ಮ ತಲೆಯ ಮೇಲೆ.

ದಿನಕ್ಕೆ ಒಂದೆರಡು ಗಂಟೆ ತಂಪು ಹೊತ್ತಿನಲ್ಲಿ ಹಸುಗಳನ್ನು ಬಿಚ್ಚಿ ಬಿಡಿ. ಬಿಡಲು ಜಾಗ ಬೇಕಲ್ಲ ಎನ್ನುವವರಿಗೆ ಒಂದು ಲೆಕ್ಕ: ಒಂದು ಹಸುವಿಗೆ 7 ಚದರ ಮೀಟರ್ ಬಯಲು ಜಾಗ ಸಾಕು. ನಾಲ್ಕು ಹಸುಗಳಿಗೆ 20 ಅಡಿ ಉದ್ದ, 15 ಅಡಿ ಅಗಲದ ಜಾಗಕ್ಕೆ ಬೇಲಿ ಹಾಕಿ, ನೆರಳು ಮತ್ತು ನೀರಿನ ತೊಟ್ಟಿ ಒದಗಿಸಿದರೆ ಆಯಿತು. ಗಬ್ಬದ ಹಸುವಿಗೂ ಕರು ಹಾಕುವ ದಿನದವರೆಗೆ ನಿಧಾನ ನಡಿಗೆ ಒಳ್ಳೆಯದು. ಆದರೆ ಬಿಸಿಲಲ್ಲಿ ಮೈಲಿಗಟ್ಟಲೆ ನಡೆಸಿದರೆ ಹಾಲಿಗೆ ಹೋಗಬೇಕಾದ ಶಕ್ತಿ ಕಾಲಿಗೆ ಹೋಗುತ್ತದೆ.

ಕಾಯಿಲೆಯಲ್ಲಿ ಯಾವುದು ಬೇಕು?

ಮೂರು ದಿನದ ಜ್ವರದಲ್ಲಿ ಪೂರ್ತಿ ವಿಶ್ರಾಂತಿಯೇ ದೊಡ್ಡ ಔಷಧಿ. ಜ್ವರ ಬಿಟ್ಟಿತೆಂದು ಮರುದಿನವೇ ಎತ್ತಿಗೆ ನೊಗ ಹೂಡಿದರೆ ಕಾಯಿಲೆ ಮರುಕಳಿಸಬಹುದು. ಈ ಜ್ವರದಲ್ಲಿ ನುಂಗುವ ಶಕ್ತಿ ಕುಂದಿರುವುದರಿಂದ ಗೊಟ್ಟ ಹಾಕಿ ಏನನ್ನೂ ಕುಡಿಸಬಾರದು. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗುತ್ತದೆ.

ಕಾಲುಬಾಯಿ ಜ್ವರದಲ್ಲಿಯೂ ನಡೆಸಬೇಡಿ. ಗೊರಸಿನ ಗಾಯ ಮಾಯಲು ಒಣ, ಮೆತ್ತನೆಯ ಜಾಗ ಬೇಕು. ಈ ರೋಗ ಹೃದಯದ ಸ್ನಾಯುವಿಗೂ ತಗಲಬಹುದು, ಕರುಗಳಲ್ಲಿ ಇದು ಹೆಚ್ಚು. ಆದ್ದರಿಂದ ವೈದ್ಯರು ಹೇಳುವವರೆಗೆ ದುಡಿಸಬಾರದು. ರೋಗಿ ರಾಸನ್ನು ಹೊರಗೆ ಬಿಟ್ಟರೆ ಊರಿನ ದನಗಳಿಗೆಲ್ಲ ರೋಗ ಹರಡುತ್ತದೆ.

ಇದಕ್ಕೆ ಬದಲಾಗಿ, ಹೊಟ್ಟೆ ಉಬ್ಬರ ಇನ್ನೂ ಸ್ವಲ್ಪವಿರುವಾಗ ಹಸುವನ್ನು ನಿಧಾನವಾಗಿ ನಡೆಸಿದರೆ, ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿದರೆ ಗಾಳಿ ಹೊರಬರಲು ಅನುಕೂಲ. ಉಬ್ಬರ ಜೋರಾಗಿ ಉಸಿರು ಕಟ್ಟುತ್ತಿದ್ದರೆ ನಡೆಸುತ್ತಾ ಕೂರದೆ ವೈದ್ಯರನ್ನು ಕರೆಸಿ. ಮೊದಲ ಸೂಲಿನ ಕಡಸಿಗೆ ಕರು ಹಾಕುವ ಮುಂಚೆ ಕೆಚ್ಚಲಿಗೆ ನೀರು ಇಳಿದು ಊದಿಕೊಂಡಿದ್ದರೆ ದಿನಕ್ಕೆ ಎರಡು ಮೂರು ಸಲ ಅಡ್ಡಾಡಿಸಿ.

ಕರು ಹಾಕಿ ಏಳಲಾರದ ಹಸು

ಹೆಚ್ಚು ಹಾಲು ಕೊಡುವ ಹಸುಗಳಿಗೆ ಕರು ಹಾಕಿದ ಮೂರು ದಿನಗಳ ಒಳಗೆ ಹಾಲು ಜ್ವರ ಬರುವುದು ಹೆಚ್ಚು. ಹೆಸರು ಜ್ವರವಾದರೂ ಮೈ, ಕಿವಿ ತಣ್ಣಗಾಗುತ್ತವೆ. ಹಸು ಕುತ್ತಿಗೆ ತಿರುಚಿ ಮಲಗಿಬಿಡುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಇಳಿಯುವುದೇ ಇದಕ್ಕೆ ಕಾರಣ. ವೈದ್ಯರು ಬೇಗ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಹಸುಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತವೆ.

ಆದರೆ ಕರೆಗೆ ಹೋದಾಗ ನಾವು ಅನೇಕ ಸಲ ಕಾಣುವುದು ಇದು: ಹಸು ರಾತ್ರಿ ಬಿದ್ದಿದೆ, ಬೆಳಗಾಗಲಿ ಎಂದು ಮನೆಯವರು ಕಾದಿದ್ದಾರೆ. ಸಿಮೆಂಟ್ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಹಸು ಹಾಗೇ ಇದೆ. ಐದಾರು ಗಂಟೆ ಕಳೆಯುವಷ್ಟರಲ್ಲೇ ಮೈಭಾರಕ್ಕೆ ಸಿಕ್ಕ ಹಿಂಗಾಲಿಗೆ ರಕ್ತ ಓಡದೆ ಸ್ನಾಯು, ನರಗಳು ಕೆಡಲು ಶುರುವಾಗುತ್ತವೆ. ಆಮೇಲೆ ಕ್ಯಾಲ್ಸಿಯಂ ಕೊಟ್ಟು ಹಾಲು ಜ್ವರ ವಾಸಿಯಾದರೂ ಕಾಲಿನಲ್ಲಿ ಬಲವಿಲ್ಲದೆ ಹಸು ಏಳುವುದಿಲ್ಲ. ಹೀಗೆ ಹಸು ಕಳೆದುಕೊಂಡರೆ ಒಂದು ಸಂಸಾರದ ಆದಾಯವೇ ನಿಂತಂತೆ. ಆದ್ದರಿಂದ ವೈದ್ಯರು ಬರುವವರೆಗೆ ಮತ್ತು ಬಂದು ಹೋದ ಮೇಲೂ ಮನೆಯವರು ಹೀಗೆ ಮಾಡಬೇಕು:

1. ತಡಮಾಡದೆ ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962 ಸಂಖ್ಯೆಗೆ ಕರೆ ಮಾಡಿ.

2. ಹಸುವನ್ನು ಎದೆಯ ಮೇಲೆ ಕೂರುವಂತೆ ಇರಿಸಿ, ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಡಿ. ಪೂರ್ತಿ ಮಗ್ಗುಲಿಗೆ ಬಿದ್ದರೆ ಹೊಟ್ಟೆ ಉಬ್ಬುತ್ತದೆ.

3. ಕೆಳಗೆ ಒಂದು ಅಡಿ ದಪ್ಪ ಹುಲ್ಲು ಅಥವಾ ಮರಳು ಹಾಕಿ. ಜಾರುವ ನೆಲದಿಂದ ಗಟ್ಟಿ ಟಾರ್ಪಾಲಿನ ಮೇಲೆ ಮಲಗಿಸಿ ಮಣ್ಣಿನ ನೆಲಕ್ಕೆ ಎಳೆದು ತನ್ನಿ. ಬಾಲ, ಕಾಲು ಹಿಡಿದು ಎಳೆಯಬಾರದು.

4. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸಹ, ಮಗ್ಗುಲು ಬದಲಿಸಿ. ಕೆಳಗೆ ಸಿಕ್ಕಿದ್ದ ಕಾಲು ಮೇಲೆ ಬರಬೇಕು. ಆ ಕಾಲನ್ನು ಚೆನ್ನಾಗಿ ತಿಕ್ಕಿ.

5. ಏಳಲು ಯತ್ನಿಸುವಾಗ ಕಾಲುಗಳು ಅಗಲಕ್ಕೆ ಜಾರದಂತೆ ಹಿಂಗಾಲುಗಳಿಗೆ ಎರಡು ಅಡಿ ಅಂತರವಿರುವಂತೆ ಮೆತ್ತನೆಯ ಹಗ್ಗ ಕಟ್ಟಿ.

6. ಹೊಡೆದು, ಬಾಲ ತಿರುಚಿ ಎಬ್ಬಿಸಬೇಡಿ. ಬಲವಂತವಾಗಿ ಏನನ್ನೂ ಕುಡಿಸಬೇಡಿ. ನೀರು, ಮೇವು ಬಾಯಿಗೆ ಎಟುಕುವಂತಿರಲಿ.

ಹಸುವಿನ ಸೇವೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಮನೆಯ ಹೆಣ್ಣುಮಕ್ಕಳು. ಈ ವಿಷಯಗಳನ್ನು ಅವರಿಗೂ ಓದಿ ಹೇಳಿ. ಇಂದೇ ಕೊಟ್ಟಿಗೆಗೆ ಹೋಗಿ ಮೊಣಕಾಲಿನ ಪರೀಕ್ಷೆ ಮಾಡಿ, ಗರ್ಭದ ಹಸುವಿದ್ದರೆ ಒಣಹುಲ್ಲು ಮತ್ತು ಮಣ್ಣಿನ ನೆಲದ ಒಂದು ಜಾಗವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕೆಂದು ಎಲ್ಲ ಸದಸ್ಯರಲ್ಲಿ ಕೋರುತ್ತೇನೆ.