ಏರು ದಾರಿಗೆ ಎಂಥ ಟ್ರ್ಯಾಕ್ಟರ್?

ನಮ್ಮದು ಮಲೆನಾಡು. ತೋಟದಿಂದ ರಸ್ತೆಗೆ ಬರೀ ಏರು. ಅಡಿಕೆ, ಗೊಬ್ಬರ ಸಾಗಿಸಲು ನಮ್ಮ ಸಂಘದವರು ಸಾಲ ಮಾಡಿ ಟ್ರ್ಯಾಕ್ಟರ್ ತರಲು ಹೊರಟೆವು. "ಕಡಿಮೆ ಬೆಲೆಯದು ಸಾಕು" ಅಂದರು ಕೆಲವರು. ಸಾಕಾ? ಲೆಕ್ಕ ಹಾಕೋಣ ಬನ್ನಿ, ಅಕ್ಕಂದಿರೇ.

ಟ್ರೇಲರ್, ಹೇರು ಸೇರಿ 3000 ಕಿಲೋ. ದಾರಿ 10 ಅಡಿಗೆ 1 ಅಡಿ ಏರುತ್ತದೆ. ಆಗ ಟ್ರೇಲರ್ ಸುಮಾರು 300 ಕಿಲೋ ಭಾರದಷ್ಟು ಹಿಂದಕ್ಕೆ ಜಗ್ಗುತ್ತದೆ. ಮಟ್ಟಸ ದಾರಿಯಲ್ಲಿ ಈ ಜಗ್ಗಾಟ ಇಲ್ಲ. ಮೇಲಾಗಿ ಟ್ರ್ಯಾಕ್ಟರ್ ತನ್ನ ಮೈಯನ್ನೂ ಹತ್ತಿಸಬೇಕಲ್ಲ!

ಎಂಜಿನ್ನಿನ ಶಕ್ತಿಯನ್ನು ಎಚ್.ಪಿ. ಲೆಕ್ಕದಲ್ಲಿ ಹೇಳುತ್ತಾರೆ. ಅಂದರೆ ಅಶ್ವಶಕ್ತಿ. ಅದೊಂದೇ ಸಾಲದು. ಟ್ರ್ಯಾಕ್ಟರ್ ತೀರ ಹಗುರಾದರೆ ಚಕ್ರ ಜಾರುತ್ತದೆ, ಮೂತಿ ಮೇಲೇಳುತ್ತದೆ.

ಇಳಿಯುವಾಗ ಇನ್ನೂ ಕಷ್ಟ. ಟ್ರೇಲರ್ ಹಿಂದಿನಿಂದ ನೂಕುತ್ತದೆ. ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಹಿಡಿಯೋದಿಲ್ಲ. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳೀಬೇಕು. ನ್ಯೂಟ್ರಲ್ ಮಾಡಲೇಬಾರದು. ಟ್ರೇಲರ್‌ಗೂ ಬ್ರೇಕ್ ಇರಬೇಕು.

ಅಂಗಡಿಯವರು ನಮಗೆ ಬಣ್ಣ ತೋರಿಸಿದರು. ನಾವು ಎಚ್.ಪಿ. ಕೇಳಿದೆವು, ತೂಕ ಕೇಳಿದೆವು. "ನಮ್ಮ ಏರಿನಲ್ಲಿ ಹೇರು ಹಾಕಿ ಓಡಿಸಿ ತೋರಿಸಿ" ಅಂದೆವು. ತೋರಿಸಿದರು. ಕಾಗದದಲ್ಲಿ ಬರೆದದ್ದನ್ನು ಓದಿ ನೋಡಿ, ಆಮೇಲೆ ರುಜು ಹಾಕಿದೆವು.