ಗಿಣಿಯ ಬಾಯಲ್ಲಿ ನಿನ್ನ ಮಾತು ಇಡಬೇಡ

ಮಗಳೇ,

ನಿನ್ನ ಕಾಗದವೂ ಮೂರು ಕಥೆಗಳೂ ಕೈಸೇರಿದವು. ಕಾಗದದ ಮಡಿಕೆಯಲ್ಲಿ ಒಂದು ಹಸಿರು ಗರಿ ಇತ್ತು. ಕಥೆ ಓದುವುದಕ್ಕೆ ಮೊದಲು ಅದನ್ನೇ ಬಹಳ ಹೊತ್ತು ನೋಡಿದೆ. ಮೇಲೆ ಹಸಿರು, ಮಗುಚಿದರೆ ಬೂದು, ತುದಿಯಲ್ಲಿ ನೈಲಾನ್ ದಾರ ಕೊಯ್ದ ಗುರುತು. ಚನ್ನಗಿರಿಯ ನಿಮ್ಮ ತೋಟದ ಪಕ್ಕದಲ್ಲಿ ಪೇರಲ ಗಿಡಕ್ಕೆ ಹೊದಿಸಿದ್ದ ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಮರಿಯನ್ನು ಕತ್ತರಿ ಹಿಡಿದು ಬಿಡಿಸಿದೆ ಎಂದು ಬರೆದಿದ್ದೀಯ. ಒಳ್ಳೆಯ ಕೆಲಸ ಮಾಡಿದೆ, ತಾಯಿ. ಬಿಡಿಸುವಾಗ ಅದು ನಿನ್ನ ಹೆಬ್ಬೆರಳು ಕಚ್ಚಿ ರಕ್ತ ಬರಿಸಿತು ಅಂತಲೂ ಒಂದು ಸಾಲು ಇದೆ. ಆದರೆ ಆ ಸಾಲು ಇರುವುದು ಕಾಗದದಲ್ಲಿ, ಕಥೆಯಲ್ಲಿ ಇಲ್ಲ. ಕಥೆಯ ಗಿಣಿ ಬಲೆಯಿಂದ ಹೊರಗೆ ಬಂದ ಕೂಡಲೇ 'ಥ್ಯಾಂಕ್ಯೂ ಅಕ್ಕಾ' ಅನ್ನುತ್ತದೆ. ಎರಡನೇ ಕಥೆಯಲ್ಲಿ ಹಲ್ಲುಜ್ಜಲು ಹೇಳುತ್ತದೆ. ಮೂರನೆಯದರಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರು.

ನಿನ್ನ ಕೈ ಕಚ್ಚಿದ್ದು ಗಿಣಿ. ಹಲ್ಲುಜ್ಜಿ ಎಂದು ಹೇಳಿದ್ದು ನೀನು. ಈ ವ್ಯತ್ಯಾಸ ಮಕ್ಕಳಿಗೆ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ನಾನು ಈ ಮಾತು ಹೇಳುವುದಕ್ಕೆ ಒಂದು ಕಾರಣವಿದೆ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ದಾವಣಗೆರೆ ಜಿಲ್ಲೆ 1997ರಲ್ಲಿ ಆಗುವವರೆಗೆ ನಾವೆಲ್ಲ ಶಿವಮೊಗ್ಗದವರು. ಆ ಕಾಲದಲ್ಲಿ ನ್ಯಾಮತಿ ಕಡೆಯ ಒಂದು ಶಾಲೆಯಲ್ಲಿ ನಾನು ಮೇಷ್ಟರಾಗಿದ್ದೆ. ಸಂತೆಗೆ ಮಾರಲು ತಂದಿದ್ದ ಗಿಣಿಯೊಂದನ್ನು ಹುಡುಗರು ಹಟಮಾಡಿ ಬಿಡಿಸಿಕೊಂಡು ಬಂದರು. ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದ್ದರು. ಮೂರು ತಿಂಗಳು ಆಫೀಸು ಕೋಣೆಯ ಕಿಟಕಿಯಲ್ಲಿ ಸಾಕಿದೆವು. ಆಗಸ್ಟ್ ಹದಿನೈದು ಬಂತು. ಧ್ವಜ ಏರಿದ ಮೇಲೆ, ಭಾಷಣ ಮುಗಿಸಿ, ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ನಾನೇ ಪಂಜರದ ಬಾಗಿಲು ತೆಗೆದೆ. ಗಿಣಿ ಕಾಂಪೌಂಡ್ ಗೋಡೆಯವರೆಗೆ ಹಾರಿತು, ಅದರಾಚೆ ಲಂಟಾನ ಪೊದೆಗೆ ಬಿತ್ತು. ನಾವು ಓಡಿಹೋಗುವಷ್ಟರಲ್ಲಿ ಬೆಕ್ಕಿನ ಬಾಯಲ್ಲಿತ್ತು.

ಕತ್ತರಿಸಿದ ಗರಿ ಕೂದಲಿನ ಹಾಗೆ ಬೆಳೆಯುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆ ಮೋಟು ತಾನಾಗಿ ಉದುರಿ, ಅದೇ ಜಾಗದಲ್ಲಿ ಹೊಸ ಗರಿ ಹುಟ್ಟಬೇಕು. ಅದಕ್ಕೆ ವರ್ಷದ ಹತ್ತಿರ ಬೇಕಾಗುತ್ತದೆ. ಹಾರದೆ ಕೂತ ಹಕ್ಕಿಯ ಎದೆಯ ಸ್ನಾಯು ಸೊರಗಿರುತ್ತದೆ. ಬೆಕ್ಕನ್ನೂ ಗಿಡುಗವನ್ನೂ ಕಂಡು ಹೆದರುವುದನ್ನು ಅದಕ್ಕೆ ಹೇಳಿಕೊಟ್ಟವರಿರುವುದಿಲ್ಲ.

ಆ ವಾರವೇ ಒಂದು ಕಥೆ ಬರೆದೆ. ಅದರಲ್ಲಿ ಗಿಣಿ ತೀರ್ಥರಾಮೇಶ್ವರದ ಗುಡ್ಡದವರೆಗೆ ಹಾರಿಹೋಗಿ ತನ್ನ ಬಳಗ ಸೇರುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಓದಿ ಹೇಳಿದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, "ಸಾ, ಅದು ಸತ್ತೋತಲ್ರಿ. ಹಾರಿಹೋತು ಅಂತ ಯಾಕ್ ಬರ್ದೀರಿ?" ಅಂದಳು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದಾಚೆ ಮಕ್ಕಳಿಗೆ ಏನು ಬರೆಯಲು ಕೂತರೂ ಆ ಹುಡುಗಿ ಎದ್ದು ನಿಲ್ಲುತ್ತಾಳೆ.

ಆದ್ದರಿಂದ ಕಥೆಗಿಂತ ಮೊದಲು, ನೀನು ಪಂಜರದಲ್ಲಿ ಇಟ್ಟುಕೊಂಡಿರುವ ಹಕ್ಕಿಯ ವಿಚಾರ. ಕೊರಳಪಟ್ಟಿಯ ಈ ಹಸಿರು ಗಿಣಿಯ ಜಾತಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು ಮಾತ್ರವಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಪ್ರೀತಿಯಿಂದ ಇಟ್ಟುಕೊಂಡೆ ಎಂದರೆ ಕಾನೂನು ಒಪ್ಪುವುದಿಲ್ಲ, ಒಪ್ಪಲೂಬಾರದು. ನಿಮ್ಮ ವಲಯ ಅರಣ್ಯ ಕಚೇರಿಗೆ ತಿಳಿಸು, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು. ಅವರು ಪಶುವೈದ್ಯರಿಗೆ ತೋರಿಸಿ, ಗರಿ ಬಂದ ಮೇಲೆ ಬಿಡುವ ವ್ಯವಸ್ಥೆ ನೋಡುತ್ತಾರೆ. 'ನನ್ನ ಗಿಣಿ' ಎಂದು ನಾಲ್ಕು ಸಲ ಬರೆದಿದ್ದೀಯ. ಅದನ್ನು ಒಪ್ಪಿಸುವಾಗ ನಿನಗೆ ಆಗುವ ಸಂಕಟ ನನಗೆ ಅರ್ಥವಾಗುತ್ತದೆ ಮಗಳೇ. ಆ ಸಂಕಟವೂ ಕಥೆಯೊಳಗೆ ಬರಲಿ. ಬರದಿದ್ದರೆ ನಿನ್ನ ಪುಸ್ತಕ ಓದಿದ ಹತ್ತು ಮಕ್ಕಳು ಅಪ್ಪನ ಮುಂದೆ ನಿಂತು 'ನಂಗೂ ಒಂದ್ ಗಿಣಿ ತಂದ್ಕೊಡು' ಅನ್ನುತ್ತಾರೆ. ಆ ಹತ್ತು ಗಿಣಿಗಳಿಗಾಗಿ ಯಾರೋ ಮರ ಹತ್ತಿ ಪೊಟರೆಗೆ ಕೈ ಹಾಕುತ್ತಾರೆ.

ಪೊಟರೆ ಎಂದಾಗ ನೆನಪಾಯಿತು. ಬಲೆಯಿಂದಲೋ ಬೇಟೆಗಾರನಿಂದಲೋ ಉಳಿದ ಗಿಣಿಮರಿಯ ಕಥೆ ನಮಗೆ ಹೊಸದಲ್ಲ. ಬಾಣನ 'ಕಾದಂಬರಿ'ಯನ್ನು ನಾಗವರ್ಮ ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದ. ಅಲ್ಲಿ ಕಥೆ ಹೇಳುವುದೇ ಒಂದು ಗಿಣಿ. ಹಳೆಯ ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿದ ಮರಿ. ಮುದಿ ಬೇಡನೊಬ್ಬ ಮರ ಹತ್ತಿ ಗಿಣಿಗಳನ್ನು ಕೊಂದು ಕೆಳಗೆ ಎಸೆಯುತ್ತಾನೆ. ತಂದೆ ಗಿಣಿ ಮರಿಯನ್ನು ರೆಕ್ಕೆಯಡಿ ಅಡಗಿಸಿಕೊಂಡೇ ಸಾಯುತ್ತದೆ. ಮರಿ ತರಗೆಲೆಯ ಮೇಲೆ ಬಿದ್ದು ಬದುಕುತ್ತದೆ. ಬಾಯಾರಿ, ಹಾರಲಾರದೆ, ತೆವಳುತ್ತ ನೀರಿನ ಕಡೆ ಹೋಗುವ ಅದನ್ನು ಹಾರೀತನೆಂಬ ಮುನಿಕುಮಾರ ಎತ್ತಿಕೊಂಡು ಬಾಯಿಗೆ ನೀರಿನ ಹನಿ ಬಿಡುತ್ತಾನೆ. ನೀನು ಮಾಡಿದ್ದೂ ಅದನ್ನೇ. ಅಪ್ಪ ಸತ್ತ ಗಳಿಗೆಯಲ್ಲೂ ನನಗೆ ನೀರು ಬೇಕೆನಿಸಿತಲ್ಲ ಎಂದು ಆ ಮರಿ ತನ್ನ ಬಗ್ಗೆ ತಾನೇ ನಾಚುತ್ತದೆ. ಎಂಥ ಮಾತು ನೋಡು! ಅದು ಯಾರಿಗೂ ಬುದ್ಧಿ ಹೇಳುತ್ತಿಲ್ಲ, ತನಗಾದ ಬಾಯಾರಿಕೆಯನ್ನು ಹೇಳುತ್ತಿದೆ. ನಿನ್ನ ಗಿಣಿ ಮಾತಾಡಲೇಬೇಕಿದ್ದರೆ ಹೀಗೆ ಮಾತಾಡಲಿ. ಗಿಣಿಗೆ ಪಾಠ ತುರುಕಿದರೆ ಏನಾಗುತ್ತದೆ ಎಂಬುದನ್ನು ಟಾಗೋರರು 1918ರಲ್ಲೇ 'ತೋತಾ ಕಾಹಿನಿ'ಯಲ್ಲಿ ಬರೆದಿಟ್ಟರು: ಗಿಣಿ ಸಾಯುತ್ತದೆ, ಹೊಟ್ಟೆಯಲ್ಲಿ ಬರೀ ಕಾಗದ.

ಈಗ ನೋಡುವ ಕೆಲಸ. ಕಡಲೆಕಾಯಿ ಕೊಟ್ಟರೆ ಅದು ಎಡಗಾಲಿನಲ್ಲಿ ಹಿಡಿಯುತ್ತದೆ ಎಂದು ಬರೆದಿದ್ದೀಯ. ಇನ್ನೂ ಹತ್ತಿರ ಹೋಗು. ಎರಡು ಬೆರಳು ಮುಂದೆ, ಎರಡು ಹಿಂದೆ, ನಾವು ಇಕ್ಕಳದಲ್ಲಿ ಪಾತ್ರೆ ಹಿಡಿದ ಹಾಗೆ. ದಪ್ಪ ನಾಲಿಗೆಯಿಂದ ಕಾಯನ್ನು ಒಂದು ಸುತ್ತು ತಿರುಗಿಸಿ, ಎಲ್ಲಿ ಒತ್ತಿದರೆ ಒಡೆಯುತ್ತದೆ ಎಂದು ಹುಡುಕುತ್ತದೆ. ಪಂಜರದ ಸರಳು ಹತ್ತುವಾಗ ಕೊಕ್ಕೇ ಮೂರನೇ ಕಾಲು. ಸಿಟ್ಟು ಬಂದರೂ ಆಸೆಯಾದರೂ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಮತ್ತೆ ಅರಳುತ್ತದೆ. ನಿದ್ದೆಗೆ ಮುಂಚೆ ಒಂದು ಕಾಲು ಗರಿಯೊಳಗೆ ಎಳೆದುಕೊಂಡು ಕೊಕ್ಕನ್ನು ಮೆಲ್ಲಗೆ ಕಟಕಟ ಮಸೆಯುತ್ತದೆ. ಇನ್ನೂ ಒಂದು: ಕಥೆಯಲ್ಲಿ 'ರಾಜಕುಮಾರ' ಎಂದು ಹೆಸರಿಟ್ಟಿದ್ದೀಯ. ಗಂಡಿಗೆ ಕೊರಳಪಟ್ಟಿ ಮೂಡುವುದಕ್ಕೆ ಎರಡು ಮೂರು ವರ್ಷ ಬೇಕು. ಈಗಲೇ ಅದು ಗಂಡೋ ಹೆಣ್ಣೋ ನಿನಗೆ ತಿಳಿಯದು.

ಹೆಸರಿನ ವಿಷಯದಲ್ಲಿ ಒಂದು ಸೋಜಿಗ ಕೇಳು. ವೆನೆಜುವೆಲಾದಲ್ಲಿ ಒಂದು ಜಾತಿಯ ಪುಟ್ಟ ಗಿಣಿಗಳ ಗೂಡಿನೊಳಗೆ ಕ್ಯಾಮೆರಾ ಇಟ್ಟು ಕಾರ್ಲ್ ಬರ್ಗ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಅಧ್ಯಯನ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಮರಿಗಳು ಗೂಡಿನಲ್ಲಿರುವಾಗಲೇ ತಂದೆತಾಯಿ ಒಂದೊಂದಕ್ಕೂ ಒಂದೊಂದು ಕೂಗು ಕೊಡುತ್ತವಂತೆ, ಹೆಸರಿಟ್ಟ ಹಾಗೆ. ಮೊಟ್ಟೆಗಳನ್ನು ಬೇರೆ ಗೂಡಿಗೆ ಬದಲಿಸಿ ನೋಡಿದಾಗ ಮರಿಗಳು ಹೆತ್ತವರ ಕೂಗನ್ನಲ್ಲ, ಸಾಕಿದವರ ಕೂಗನ್ನೇ ಕಲಿತವು. ನಮ್ಮ ಹಸಿರು ಗಿಣಿ ಹೀಗೇ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬಲೆಗೆ ಬೀಳುವ ಮೊದಲು ಇದಕ್ಕೂ ಒಂದು ಹೆಸರಿತ್ತೇನೋ ಎಂದು ಒಂದು ಮಗು ಯೋಚಿಸುವಂತಾದರೆ ಅಲ್ಲಿಂದಲೇ ಕಥೆ ಹುಟ್ಟುತ್ತದೆ. ಸಂಜೆ ಸೂಳೆಕೆರೆ ಕಡೆಯಿಂದ ಗಿಣಿಯ ಹಿಂಡು ಕೀಕ್ ಕೀಕ್ ಎಂದು ಹೋಗುವಾಗ ಪಂಜರದ ಮರಿ ಕತ್ತು ಉದ್ದ ಮಾಡಿ ಕೂಗುತ್ತದೆ ಎಂದೆಯಲ್ಲ, ಅದನ್ನು ಬರಿ. ನಿನ್ನ ಮೂರು ಕಥೆಗಳಿಗಿಂತ ಕಾಗದದ ಆ ಎರಡು ಸಾಲು ದೊಡ್ಡವು.

ಜಗಳೂರಿನ ಮಕ್ಕಳನ್ನು ಮರೆಯಬೇಡ. ನಾನು ಅಲ್ಲಿ ಆರು ವರ್ಷ ಇದ್ದೆ. ಮಳೆ ನಂಬಿ ಬಿತ್ತುವ ಊರು. ಸೂರ್ಯಕಾಂತಿ ತೆನೆ ತುಂಬುವ ಹೊತ್ತಿಗೆ, ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಅಲ್ಲಿನ ಹುಡುಗರು ಅಟ್ಟಣೆ ಮೇಲೆ ನಿಂತು ತಗಡಿನ ಡಬ್ಬ ಬಡಿಯುತ್ತಾರೆ, ಕವಣೆ ಬೀಸುತ್ತಾರೆ. ಗಿಣಿ ತಿನ್ನುವುದಕ್ಕಿಂತ ಕಡಿದು ಬಿಸಾಕುವುದೇ ಹೆಚ್ಚು. ಆ ಹುಡುಗನಿಗೆ ಗಿಣಿ ಚೆಂದದ ಹಕ್ಕಿಯಲ್ಲ, ಅವ್ವನ ಸಾಲದ ಕಂತು ತಿನ್ನುವ ಕಳ್ಳ. ಗಿಣಿಯನ್ನು ಬರೀ ಮುದ್ದು ಮಾಡಿದ ಕಥೆಯನ್ನು ಅವನು ನಂಬುವುದಿಲ್ಲ, ಅವನು ಹೇಳುವುದೂ ನ್ಯಾಯವೇ. ಪಕ್ಕದಲ್ಲೇ ರಂಗಯ್ಯನದುರ್ಗದ ಕಾಡಿದೆ, ಕೊಂಡುಕುರಿಗೆಂದು ಕಾಯ್ದಿಟ್ಟದ್ದು. ಪೊಟರೆಯಿರುವ ಹಳೆಯ ಮರ ಎಷ್ಟು ಉಳಿದಿವೆ ಎಂದು ಅವನನ್ನೇ ಎಣಿಸಲು ಕಳಿಸು. ಹೊಲ ಕಾಯುವ ಹುಡುಗ, ಬಲೆಗೆ ಬಿದ್ದ ಮರಿ, ಇಬ್ಬರೂ ಒಂದೇ ಕಥೆಯಲ್ಲಿ ಎದುರುಬದುರಾಗಲಿ. ಯಾರನ್ನೂ ಸೋಲಿಸಬೇಡ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀನು 'ಗಿಳಿ' ಎಂದು ಬರೆಯುತ್ತೀಯ, ಆಡುವುದು 'ಗಿಣಿ' ಎಂದು. ಆಡಿದಂತೆ ಬರಿ. ಹೊನ್ನಾಳಿಯ ಹೊಳೆದಂಡೆಯ ಮಾತು ಬೇರೆ, ಜಗಳೂರಿನದು ಬೇರೆ; ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳ ಮಕ್ಕಳು ಮನೆಯಲ್ಲಿ ಇನ್ನೊಂದು ಭಾಷೆಯನ್ನೇ ಆಡುತ್ತಾರೆ. ಗಿಣಿಗೆ ಅವರವರ ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳಿ ಬರೆದುಕೋ. ಅಚ್ಚಿಗೆ ಕೊಡುವ ಮೊದಲು ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಯಲ್ಲಿ ಗಟ್ಟಿಯಾಗಿ ಓದಿ ಹೇಳು. ಮಕ್ಕಳು ಕಿಟಕಿಯಾಚೆ ನೋಡಿದ ಜಾಗಕ್ಕೆ ಪೆನ್ಸಿಲ್ ಗೀಟು ಹಾಕು. ಈಚೆಗೆ ಬಂದವರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಓದು. ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ.

ಮೊದಲ ಕಥೆಯನ್ನು ಹೆಬ್ಬೆರಳಿನಿಂದ ಶುರುಮಾಡಿ ಮತ್ತೆ ಬರೆದು ಕಳಿಸು. ನನ್ನ ಕಣ್ಣು ಮಂಜಾಗುತ್ತಿದೆ, ಅಕ್ಷರ ಸ್ವಲ್ಪ ದಪ್ಪ ಇರಲಿ.

ಒಂದು ಮಾತು ಕೇಳುವುದಿತ್ತು. ಪೇರಲ ಗಿಡದ ಮೇಲಿನ ಆ ಬಲೆ ತೆಗೆದರಾ? ನಿನ್ನ ಕಾಗದದಲ್ಲಿ ಆ ವಿಷಯ ಇರಲಿಲ್ಲ.

ಇತಿ,
ನಿನ್ನ ಮೇಷ್ಟರು