ಚರ್ಚಾಕೂಟದಲ್ಲಿ ಮಾತು ವಿಷಯ ಬಿಟ್ಟು ಹೋಗದಿರಲು

ದ್ರಾಕ್ಷಿ, ತರಕಾರಿ, ಹೂವು ಬೆಳೆಯುವ ರೈತರು ತಿಂಗಳಿಗೊಮ್ಮೆ ಒಂದೆಡೆ ಕಲೆತು ಮಾತನಾಡುವುದು ಒಳ್ಳೆಯ ಪದ್ಧತಿ. ಒಬ್ಬರ ಅನುಭವ ಹತ್ತು ಜನರಿಗೆ ಉಪಯೋಗವಾಗುತ್ತದೆ. ಆದರೆ ಎಲ್ಲರೂ ಮಾತನಾಡಿದ ಮಾತ್ರಕ್ಕೆ ಚರ್ಚೆಯಾಯಿತೆಂದು ಹೇಳಲಾಗದು. ಯಲಹಂಕ, ಹೆಬ್ಬಾಳದ ಸುತ್ತಮುತ್ತ ಇಂತಹ ಕೂಟಗಳಲ್ಲಿ ರೋಗದಿಂದ ಆರಂಭವಾದ ಮಾತು ಮಾರುಕಟ್ಟೆಯ ಧಾರಣೆಗೆ, ಅಲ್ಲಿಂದ ಜಮೀನಿನ ಬೆಲೆಗೆ, ಹೊಸ ಬಡಾವಣೆಗೆ, ಚುನಾವಣೆಗೆ ಹರಿದುಹೋಗುವುದುಂಟು. ಕತ್ತಲಾದ ಮೇಲೆ ಎಲ್ಲರೂ ಎದ್ದು ಹೋಗುತ್ತಾರೆ. ರೋಗ ತಗುಲಿದ ಎಲೆಯನ್ನು ತೋರಿಸಲು ತಂದವನು ಅದನ್ನು ಹಾಗೆಯೇ ಹಿಂದಕ್ಕೆ ಒಯ್ಯುತ್ತಾನೆ.

ಹಿಂದಿನ ಅನುಭವ

ರೈತರ ಚರ್ಚೆಗೆ ಒಂದು ಕ್ರಮವಿರಬೇಕೆಂಬುದು ಹೊಸ ಮಾತಲ್ಲ. 1956ರಲ್ಲಿ ಪುಣೆ ಆಕಾಶವಾಣಿ ಕೇಂದ್ರದಿಂದ 5 ಜಿಲ್ಲೆಗಳ ಸುಮಾರು 150 ಹಳ್ಳಿಗಳಿಗಾಗಿ ರೇಡಿಯೊ ಗ್ರಾಮ ವೇದಿಕೆಯ ಪ್ರಯೋಗ ನಡೆಯಿತು. ವಾರಕ್ಕೆ ಎರಡು ಬಾರಿ ಅರ್ಧ ಗಂಟೆಯ ಕಾರ್ಯಕ್ರಮವನ್ನು ಸುಮಾರು 20 ಜನ ಕುಳಿತು ಕೇಳಿ, ಆ ದಿನದ ವಿಷಯವನ್ನೇ ಚರ್ಚಿಸುತ್ತಿದ್ದರು. ಪ್ರತಿ ವೇದಿಕೆಗೂ ಒಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ ಇದ್ದರು. ಚರ್ಚೆಯ ವರದಿ ಹಾಗೂ ಉಳಿದ ಪ್ರಶ್ನೆಗಳು ಆಕಾಶವಾಣಿಗೆ ಹೋಗುತ್ತಿದ್ದವು. ಕೇಳು, ಚರ್ಚಿಸು, ಕಾರ್ಯಗತಗೊಳಿಸು ಎಂಬುದು ಇಂತಹ ವೇದಿಕೆಗಳ ಧ್ಯೇಯವಾಗಿತ್ತು.

ಒಂದೇ ಬೆಳೆಯ ರೈತರು ಒಂದೇ ಉದ್ದೇಶಕ್ಕೆ ಕಲೆತರೆ ಏನಾಗಬಹುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಡಾ. ಎಂ. ಎಚ್. ಮರೀಗೌಡರ ಪ್ರೋತ್ಸಾಹದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಸ್ಥಾಪನೆಯಾಯಿತು. ಅದೇ ಮುಂದೆ ಎಲ್ಲ ಹಣ್ಣು, ತರಕಾರಿಗಳಿಗೂ ವಿಸ್ತರಿಸಿ ಹಾಪ್‌ಕಾಮ್ಸ್ ಆಗಿ ಬೆಳೆಯಿತು.

ವಿಷಯ ತಪ್ಪಿದರೆ ಆಗುವ ನಷ್ಟ

ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ತಳಿಗೆ ಬೂಜು ತುಪ್ಪಟ ರೋಗದ ಬಾಧೆ ಹೆಚ್ಚು. ಎಲೆಯ ಮೇಲೆ ಎಣ್ಣೆ ಸವರಿದಂತೆ ಹಳದಿ ಮಚ್ಚೆ ಕಾಣಿಸುತ್ತದೆ. ಅದೇ ಮಚ್ಚೆಯ ಕೆಳಭಾಗದಲ್ಲಿ ಬಿಳಿಯ ಬೂಜು ಬೆಳೆಯುತ್ತದೆ. ಬೂದಿ ರೋಗದಲ್ಲಾದರೋ ಎಲೆ, ಕಾಯಿಗಳ ಮೇಲೆ ಬೂದಿ ಚೆಲ್ಲಿದಂತಿರುತ್ತದೆ. ಮೊದಲನೆಯದು ಎಲೆ ಒದ್ದೆಯಾಗಿರುವ ಮಳೆಯ ದಿನಗಳಲ್ಲಿ ಬೇಗ ಹರಡುತ್ತದೆ. ಎರಡನೆಯದಕ್ಕೆ ಮಳೆ ಬೇಕಾಗಿಲ್ಲ. ಶೇಕಡ 1ರ ಬೋರ್ಡೋ ದ್ರಾವಣವು ಬೂಜು ತುಪ್ಪಟ ರೋಗ ತಡೆಯಲು ಬಹುಕಾಲದಿಂದ ಬಳಕೆಯಲ್ಲಿದೆ. ಬೂದಿ ರೋಗದ ಹತೋಟಿ ಕ್ರಮ ಬೇರೆ.

ಯಾವ ರೋಗವೆಂದು ಗೊತ್ತುಮಾಡುವ ಮೊದಲೇ ಮಾತು ಔಷಧಿಯ ಬೆಲೆಗೆ, ಅಂಗಡಿಯವರ ಮೇಲಿನ ದೂರಿಗೆ ತಿರುಗಿದರೆ ರೈತ ಯಾವುದೋ ಔಷಧಿ ಕೊಂಡು ಸಿಂಪಡಿಸುತ್ತಾನೆ. ಹಣವೂ ಹೋಗುತ್ತದೆ, ಗೊಂಚಲೂ ಉಳಿಯುವುದಿಲ್ಲ. ಮುಂದಿನ ತಿಂಗಳ ಸಭೆಯವರೆಗೆ ರೋಗ ಕಾಯುವುದಿಲ್ಲ.

ಸಭೆಗೆ ಮೊದಲು

1. ಒಂದು ಸಭೆಗೆ ಒಂದೇ ವಿಷಯವನ್ನು ಗೊತ್ತುಮಾಡಿ, ಒಂದು ವಾರ ಮುಂಚಿತವಾಗಿಯೇ ಎಲ್ಲರಿಗೂ ತಿಳಿಸಬೇಕು.

2. ವಿಷಯವನ್ನು ಪ್ರಶ್ನೆಯ ರೂಪದಲ್ಲಿಡಬೇಕು. ‘ದ್ರಾಕ್ಷಿ ಬೇಸಾಯ’ ಎಂದರೆ ಮಾತು ಎತ್ತ ಬೇಕಾದರೂ ಹೋಗುತ್ತದೆ. ‘ಸವರಿದ ನಂತರ ಮಳೆ ಬಂದರೆ ಬೂಜು ತುಪ್ಪಟ ರೋಗ ತಡೆಯುವುದು ಹೇಗೆ?’ ಎಂದರೆ ಉತ್ತರ ಹುಡುಕಲೇಬೇಕಾಗುತ್ತದೆ.

3. ರೋಗದ ಎಲೆ, ಕೀಟ, ಮಣ್ಣು, ಔಷಧಿಯ ಚೀಟಿ ಮೊದಲಾದವನ್ನು ತರಲು ಹೇಳಬೇಕು. ಕಣ್ಣೆದುರು ವಸ್ತುವಿದ್ದರೆ ಮಾತು ಅದರ ಸುತ್ತಲೇ ಇರುತ್ತದೆ.

ಸಭೆಯಲ್ಲಿ

ಎಲ್ಲರೂ ಒಪ್ಪುವ ಒಬ್ಬರು ಸಂಚಾಲಕರಾಗಿರಬೇಕು. ಹೆಚ್ಚು ಮಾತನಾಡುವವರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರು ಈ ಕೆಲಸಕ್ಕೆ ಯೋಗ್ಯರು. ಅವರು ಪ್ರಶ್ನೆಯನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಸಿ, ಸಮಸ್ಯೆ ತಂದ ರೈತನಿಗೆ ಮೊದಲು ಮಾತನಾಡಲು ಅವಕಾಶ ಕೊಡಬೇಕು. ನಂತರ ಅಂಥದೇ ತೊಂದರೆ ಕಂಡವರು, ಕೊನೆಗೆ ವಿಸ್ತರಣಾ ಕಾರ್ಯಕರ್ತರು ಮಾತನಾಡುವುದು ಒಳ್ಳೆಯದು. ಅಧಿಕಾರಿಯೇ ಮೊದಲು ಉಪದೇಶ ಕೊಟ್ಟರೆ ರೈತರ ಅನುಭವ ಹೊರಗೆ ಬರುವುದಿಲ್ಲ.

ಮಾತು ಬೇರೆಡೆಗೆ ತಿರುಗಿದಾಗ ಹಿರಿಯರನ್ನು ತಡೆದು ಮುಖಭಂಗ ಮಾಡಬಾರದು. ‘ಗೌಡರೇ, ಇದು ದೊಡ್ಡ ವಿಷಯ, ಬರೆದುಕೊಂಡಿದ್ದೇವೆ, ಇದಕ್ಕೇ ಒಂದು ದಿನ ಇಡೋಣ’ ಎಂದು ಹೇಳಿ ಹಲಗೆಯ ಇನ್ನೊಂದು ಬದಿಯಲ್ಲಿ ಅದನ್ನು ಬರೆಯಬೇಕು. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ಬಿಡುವ ಯೋಜನೆಯಂತಹ ವಿಷಯಕ್ಕೆ ಪ್ರತ್ಯೇಕ ಸಭೆಯೇ ಬೇಕು. ಹೀಗೆ ಬರೆದುಕೊಂಡದ್ದನ್ನು ಮುಂದೆ ಚರ್ಚೆಗೆ ತರದೆ ಬಿಟ್ಟರೆ ಸಂಚಾಲಕರ ಮಾತಿಗೆ ಬೆಲೆಯಿರುವುದಿಲ್ಲ.

ಯಾವುದು ಹೊರಗಿನ ಮಾತು?

ವಿಷಯದ ಹೊರಗಿನದೆಂದು ಕಾಣುವ ಎಲ್ಲ ಮಾತೂ ಹೊರಗಿನದಲ್ಲ. ಎಲೆ ರೋಗದ ಚರ್ಚೆಯಲ್ಲಿ ಜಮೀನಿನ ಬೆಲೆಗೆ ಸ್ಥಳವಿಲ್ಲ. ಆದರೆ ಹೊಸದಾಗಿ ದ್ರಾಕ್ಷಿ ಚಪ್ಪರ ಹಾಕಬೇಕೇ ಎಂಬ ಚರ್ಚೆಯಲ್ಲಿ ಅದು ಮುಖ್ಯವಾದ ಮಾತು. ಚಪ್ಪರದ ಖರ್ಚು ಹಿಂದಿರುಗಲು ಹಲವು ವರ್ಷ ಬೇಕು. ಗುತ್ತಿಗೆಯ ಜಮೀನನ್ನು ಒಡೆಯರು ನಡುವೆಯೇ ಮಾರಿದರೆ ಬೆಳೆಗಾರನ ಗತಿಯೇನು? ಅಂಥವನಿಗೆ ಸೊಪ್ಪು, ತರಕಾರಿಯೇ ಲೇಸಾಗಬಹುದು. ಆದುದರಿಂದ ಮಾತನ್ನು ಬದಿಗಿಡುವ ಮೊದಲು ‘ಇದಕ್ಕೂ ಇಂದಿನ ಪ್ರಶ್ನೆಗೂ ಏನು ಸಂಬಂಧ?’ ಎಂದು ಆಡಿದವರನ್ನೇ ಕೇಳಬೇಕು. ಸಂಬಂಧವಿದ್ದರೆ ಅವರೇ ತೋರಿಸುತ್ತಾರೆ. ಇಲ್ಲದಿದ್ದರೆ ಅವರೇ ನಿಲ್ಲಿಸುತ್ತಾರೆ.

ಸಭೆಯ ನಂತರ

ಏಳುವ ಮೊದಲು ಸಂಚಾಲಕರು ಮೂರು ಸಂಗತಿಗಳನ್ನು ಪುಸ್ತಕದಲ್ಲಿ ಬರೆದು ಓದಿ ಹೇಳಬೇಕು: ಪ್ರಶ್ನೆಗೆ ದೊರೆತ ಉತ್ತರವೇನು, ಯಾರು ಯಾವಾಗ ಅದನ್ನು ಮಾಡಿ ನೋಡುತ್ತಾರೆ, ಉತ್ತರ ಸಿಗದೆ ಉಳಿದದ್ದೇನು. ಉಳಿದ ಪ್ರಶ್ನೆಯನ್ನು ಮಾದರಿ ಎಲೆಯೊಡನೆ ರೈತ ಸಂಪರ್ಕ ಕೇಂದ್ರಕ್ಕೋ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೋ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೋ ಮರುದಿನವೇ ತಲುಪಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಮುಂದಿನ ಸಭೆಯು ಈ ಪುಸ್ತಕ ತೆರೆಯುವುದರಿಂದಲೇ ಆರಂಭವಾಗಲಿ. ಎಲೆ ತಂದ ರೈತನ ತೋಟ ಈಗ ಹೇಗಿದೆ ಎಂಬುದು ಅಂದಿನ ಮೊದಲ ಪ್ರಶ್ನೆಯಾಗಬೇಕು.